ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ಯಾವ ಹಾದಿ?



ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ಹುಣಸೂರಿನಲ್ಲಾಗಲಿ ಪಿರಿಯಾಪಟ್ಟಣದಲ್ಲಾಗಲಿ ನಮ್ಮ ಮೊಹಲ್ಲಾಗಳಲ್ಲಿ ಕೇಳಿಬರುವ ಮಾತು ಒಂದೇ: "ಸಾಕು, ಇನ್ನು ಏನಾದರೂ ಕೆಲಸ ಕಲಿಯಲಿ." ಹೆಣ್ಣುಮಕ್ಕಳ ವಿಷಯದಲ್ಲಿ ಆ ಮಾತನ್ನೂ ಆಡುವುದಿಲ್ಲ, ನೇರವಾಗಿ ಸಂಬಂಧ ಹುಡುಕಲು ಆರಂಭಿಸುತ್ತಾರೆ. ಈ ಮಾತು ತೀರ್ಮಾನವಾಗುವ ಮೊದಲೇ ನೀವು ನಿಮ್ಮ ಅಬ್ಬಾ, ಅಮ್ಮಿಯವರೊಂದಿಗೆ ಕುಳಿತು ಈ ಲೇಖನವನ್ನು ಓದಬೇಕೆಂಬುದು ನನ್ನ ಅಪೇಕ್ಷೆ.

ನಮ್ಮವರು ಶಾಲೆಗೆ ಹೋಗುವುದಿಲ್ಲ ಎಂಬುದು ಹಳೆಯ ದೂರು. ಅದು ಈಗ ಅಷ್ಟಾಗಿ ನಿಜವಲ್ಲ. 2001ರ ಜನಗಣತಿಯಲ್ಲೇ ಕರ್ನಾಟಕದ ಮುಸ್ಲಿಮರ ಸಾಕ್ಷರತೆ ಶೇಕಡಾ 70ರಷ್ಟಿದ್ದು, ರಾಜ್ಯದ ಸರಾಸರಿಗಿಂತ ಹೆಚ್ಚಾಗಿತ್ತು. ಹಾಗಾದರೆ ನಾವು ಹಿಂದುಳಿದದ್ದು ಎಲ್ಲಿ? 2006ರಲ್ಲಿ ಹೊರಬಂದ ಸಾಚಾರ್ ಸಮಿತಿಯ ವರದಿ ಇದಕ್ಕೆ ಉತ್ತರ ಕೊಟ್ಟಿದೆ. ದೇಶದಲ್ಲಿ ಇಪ್ಪತ್ತು ವರ್ಷ ದಾಟಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇಕಡಾ 4ಕ್ಕಿಂತ ಕಡಿಮೆ, ಒಟ್ಟು ಜನಸಂಖ್ಯೆಯಲ್ಲಿ ಇವರ ಪ್ರಮಾಣ ಸುಮಾರು ಶೇಕಡಾ 7. ಅಂದರೆ ನಾವು ಶಾಲೆಯ ಬಾಗಿಲಲ್ಲಿ ಸೋತಿಲ್ಲ, ಕಾಲೇಜಿನ ಬಾಗಿಲಲ್ಲಿ ನಿಂತುಬಿಟ್ಟಿದ್ದೇವೆ. ನೀವೀಗ ನಿಂತಿರುವುದು ಅದೇ ಬಾಗಿಲಲ್ಲಿ.

ಇಲ್ಲಿ ಮೊದಲು ಎದುರಾಗುವುದು ಸಂಪಾದನೆಯ ಆಸೆ. ಕಾಲೇಜು ಶುರುವಾಗುವುದು ಜೂನ್‌ನಲ್ಲಿ. ಎರಡು ತಿಂಗಳೊಳಗೆ ನಮ್ಮ ತಾಲೂಕುಗಳಲ್ಲಿ ಹೊಗೆಸೊಪ್ಪಿನ ಕೆಲಸ ಭರದಿಂದ ಸಾಗುತ್ತಿರುತ್ತದೆ. ಸೊಪ್ಪು ಮುರಿಯಲು, ಕಡ್ಡಿಗೆ ಕಟ್ಟಲು, ರಾತ್ರಿಯಿಡೀ ಬ್ಯಾರನ್ ಮುಂದೆ ಕುಳಿತು ಬೇಯಿಸಲು ಆಳುಗಳು ಬೇಕು, ದಿನಗೂಲಿ ಕೈಗೆ ಸಿಗುತ್ತದೆ. ಕೆ.ಆರ್. ನಗರದ ಕಡೆ ಅಕ್ಕಿ ಗಿರಣಿ, ಹುಣಸೂರಿನಲ್ಲಿ ಮರದ ಮಿಲ್ಲು, ಎಲ್ಲ ಕಡೆಯೂ ಗ್ಯಾರೇಜು, ಕೋಳಿ ಅಂಗಡಿ. ಹದಿನಾರರ ಹುಡುಗ ತಂದು ಕೊಡುವ ಹಣ ಮನೆಗೆ ದೊಡ್ಡದಾಗಿಯೇ ಕಾಣುತ್ತದೆ. ಹಲಾಲ್ ದುಡಿಮೆ ಯಾವುದೂ ಕೀಳಲ್ಲ, ಪ್ರವಾದಿಗಳೇ ಕುರಿ ಕಾಯ್ದವರು. ಆದರೆ ಒಂದು ಲೆಕ್ಕ ಹಾಕಿ ನೋಡಿ. ಹದಿನಾರರಲ್ಲಿ ಸಿಗುವ ಆ ಕೂಲಿ ಮೂವತ್ತಾರರಲ್ಲೂ ಕೂಲಿಯಾಗಿಯೇ ಇರುತ್ತದೆ. ಆಗ ಮನೆಯಲ್ಲಿ ಉಣ್ಣುವ ಬಾಯಿಗಳು ಐದಾರು. ಮನೆಯ ಸ್ಥಿತಿ ನಿಜವಾಗಿಯೂ ಕಷ್ಟದ್ದಾಗಿದ್ದರೆ ರಜೆಯಲ್ಲಿ, ಭಾನುವಾರದಲ್ಲಿ ದುಡಿಯಿರಿ. ಹಾಜರಾತಿ ಕಳೆದುಕೊಂಡು ದುಡಿಯಬೇಡಿ.

ಇನ್ನು ವಿಷಯದ ಆಯ್ಕೆ. ಗೆಳೆಯ ಹೋದನೆಂದು ವಿಜ್ಞಾನಕ್ಕೆ ಹೋಗುವುದು, ಅಂಕ ಕಡಿಮೆ ಬಂತೆಂದು ಕಲಾ ವಿಭಾಗಕ್ಕೆ ಸೇರುವುದು, ಎರಡೂ ತಪ್ಪು. ವೈದ್ಯಕೀಯ, ಫಾರ್ಮಸಿ, ಇಂಜಿನಿಯರಿಂಗ್ ಕಡೆ ಮನಸ್ಸಿದ್ದು ಗಣಿತ ಮತ್ತು ವಿಜ್ಞಾನದಲ್ಲಿ ನಿಮಗೆ ನಿಜವಾದ ಹಿಡಿತವಿದ್ದರೆ ಪಿ.ಯು. ವಿಜ್ಞಾನ ತೆಗೆದುಕೊಳ್ಳಿ. ಗಣಿತವೆಂದರೆ ನಮ್ಮ ಮದ್ರಸಾಗಳಿಗೆ ಹೊರಗಿನದು ಎಂದು ಭಾವಿಸುವವರಿದ್ದಾರೆ. ಒಂಬತ್ತನೆಯ ಶತಮಾನದಲ್ಲಿ ಅಲ್ ಖ್ವಾರಿಝ್ಮಿಯವರು ಬೀಜಗಣಿತದ ಕುರಿತು ಬರೆದ ಗ್ರಂಥದ ಒಂದು ದೊಡ್ಡ ಭಾಗ ವಾರಸುದಾರರಿಗೆ ಆಸ್ತಿ ಹಂಚುವ ಲೆಕ್ಕಗಳಿಗೇ ಮೀಸಲಾಗಿದೆ. ವಾಣಿಜ್ಯವೆಂದರೆ ಬ್ಯಾಂಕಿನ ಬಡ್ಡಿ ಮಾತ್ರವೆಂದು ದೂರ ಸರಿಯುವುದೂ ಸರಿಯಲ್ಲ. ಲೆಕ್ಕಪತ್ರ, ತೆರಿಗೆ, ಲೆಕ್ಕಪರಿಶೋಧನೆ ಎಲ್ಲ ವ್ಯಾಪಾರಕ್ಕೂ ಬೇಕು. ಕುರ್‌ಆನಿನ ಅತ್ಯಂತ ದೀರ್ಘವಾದ ಆಯತ್ ಅಲ್ ಬಕರಾ ಅಧ್ಯಾಯದಲ್ಲಿದೆ, ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು. ಕಲಾ ವಿಭಾಗದಿಂದ ಶಿಕ್ಷಕ ವೃತ್ತಿ, ಕಾನೂನು, ಸರ್ಕಾರಿ ಸೇವೆಗಳ ಹಾದಿ ತೆರೆಯುತ್ತದೆ. ಪಿ.ಯು. ಮುಗಿಸಿದವರು ಯಾವ ವಿಭಾಗದವರಾದರೂ ಐದು ವರ್ಷದ ಕಾನೂನು ಪದವಿಗೆ ಸೇರಬಹುದು.

ಕೈಕೆಲಸದಲ್ಲಿ ಆಸಕ್ತಿ ಇರುವವರು ಹತ್ತನೆಯ ತರಗತಿಯಿಂದಲೇ ನೇರವಾಗಿ ಐ.ಟಿ.ಐ. ಅಥವಾ ಪಾಲಿಟೆಕ್ನಿಕ್‌ಗೆ ಹೋಗಬಹುದು. ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಮುಂತಾದವು ಎರಡು ವರ್ಷ. ಡಿಪ್ಲೊಮಾ ಮೂರು ವರ್ಷ, ಅದಾದ ಮೇಲೆ ಡಿ.ಸಿ.ಇ.ಟಿ. ಪರೀಕ್ಷೆ ಬರೆದು ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರಲು ಅವಕಾಶವಿದೆ. ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿಯುವುದೇ ಇಷ್ಟವಾದರೆ ಸರ್ಟಿಫಿಕೇಟಿನೊಂದಿಗೆ ಹಿಡಿಯಿರಿ.

ನಾನು ಹೆಚ್ಚು ಹೇಳಬೇಕಾದದ್ದು ಭಾಷೆಯ ಬಗ್ಗೆ. ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಹತ್ತು ವರ್ಷ ಓದಿ, ಒಳ್ಳೆಯ ಅಂಕ ಪಡೆದು, ವಿಜ್ಞಾನಕ್ಕೆ ಸೇರಿದ ಮಕ್ಕಳು ಮೊದಲ ಮೂರು ತಿಂಗಳಲ್ಲೇ ಎದೆಗುಂದುವುದನ್ನು ನಾವು ಪ್ರತಿವರ್ಷ ನೋಡುತ್ತೇವೆ. ಪಾಠ ಇಂಗ್ಲಿಷಿನಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ. ತಿಳಿದ ವಿಷಯವೂ ತಿಳಿಯದಂತಾಗುತ್ತದೆ. ಇದು ಬುದ್ಧಿಯ ಕೊರತೆ ಎಂದು ಅವರೂ ನಂಬುತ್ತಾರೆ, ಮನೆಯವರೂ ನಂಬುತ್ತಾರೆ. ಅಲ್ಲ, ಅದು ಕೇವಲ ಪದಗಳ ಕೊರತೆ. ಮದ್ರಸಾದಲ್ಲಿ ಅರಬಿ ವ್ಯಾಕರಣ ಕಲಿತವರಿಗೆ ಇದು ಗೊತ್ತು. ಮೊದಲ ವರ್ಷ ಕಿತಾಬು ತೆರೆದರೆ ಗೋಡೆಯಂತೆ ಕಾಣುತ್ತದೆ, ಎರಡನೆಯ ವರ್ಷ ಅದರಲ್ಲೊಂದು ಕಿಟಕಿ ಕಾಣುತ್ತದೆ. ಪ್ರವಾದಿ(ಸ)ರು ಮದೀನಾಕ್ಕೆ ಬಂದಾಗ ಝೈದ್ ಬಿನ್ ಸಾಬಿತ್(ರ)ರಿಗೆ ಸುಮಾರು ಹನ್ನೊಂದು ವರ್ಷ. ಯಹೂದಿಗಳ ಲಿಪಿಯನ್ನು ಕಲಿಯುವಂತೆ ಪ್ರವಾದಿ(ಸ)ರು ಆಜ್ಞಾಪಿಸಿದಾಗ ಆ ಬಾಲಕ ಅರ್ಧ ತಿಂಗಳೊಳಗೆ ಅದನ್ನು ಕಲಿತರೆಂದು ತಿರ್ಮಿದಿಯಲ್ಲಿ ವರದಿಯಾಗಿದೆ. ಮುಂದೆ ಅವರೇ ಕುರ್‌ಆನಿನ ಸಂಗ್ರಹ ಕಾರ್ಯದ ಹೊಣೆ ಹೊತ್ತರು. ಆದ್ದರಿಂದ ಪರೀಕ್ಷೆ ಮುಗಿದು ತರಗತಿ ಶುರುವಾಗುವವರೆಗಿನ ಎರಡು ತಿಂಗಳನ್ನು ವ್ಯರ್ಥಮಾಡಬೇಡಿ. ಹತ್ತನೆಯ ತರಗತಿಯ ವಿಜ್ಞಾನ, ಗಣಿತ ಪುಸ್ತಕಗಳ ಇಂಗ್ಲಿಷ್ ಪ್ರತಿಯನ್ನು ಯಾರಿಂದಲಾದರೂ ಪಡೆದು, ನೀವು ಈಗಾಗಲೇ ಬಲ್ಲ ಪಾಠವನ್ನೇ ಅದರಲ್ಲಿ ಓದಿ. ವಿಷಯ ಗೊತ್ತಿರುವುದರಿಂದ ಪದಗಳು ತಾವಾಗಿ ಹತ್ತಿರ ಬರುತ್ತವೆ. ದಿನಕ್ಕೆ ಹತ್ತು ಪದ ಬರೆದಿಟ್ಟರೂ ಜೂನ್ ಹೊತ್ತಿಗೆ ಐದುನೂರು ದಾಟುತ್ತದೆ. ಕನ್ನಡವನ್ನು ಬಿಡಿ ಎಂದು ಇದರ ಅರ್ಥವಲ್ಲ. ಕೆ.ಎಸ್. ನಿಸಾರ್ ಅಹಮದ್ ಅವರು ಕಾಲೇಜಿನಲ್ಲಿ ಕಲಿಸಿದ್ದು ಭೂವಿಜ್ಞಾನ, ಬರೆದದ್ದು ಕನ್ನಡ ಕಾವ್ಯ. ಕಲಾ ಮತ್ತು ವಾಣಿಜ್ಯ ವಿಭಾಗದವರು ಕನ್ನಡದಲ್ಲೇ ಪರೀಕ್ಷೆ ಬರೆಯಬಹುದು.

ಈಗ ಕಾಗದಪತ್ರದ ಮಾತು. ಇದು ನೀರಸ ಎನಿಸಬಹುದು, ಆದರೆ ನಮ್ಮ ಮಕ್ಕಳು ಸೀಟು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ. 1995ರಿಂದ ಮುಸ್ಲಿಮರಿಗೆ ಪ್ರವರ್ಗ 2ಬಿಯಲ್ಲಿ ಶೇಕಡಾ 4 ಮೀಸಲಾತಿ ದೊರೆಯುತ್ತಾ ಬಂದಿದೆ. 2023ರ ಮಾರ್ಚ್‌ನಲ್ಲಿ ಅದನ್ನು ತೆಗೆದುಹಾಕುವ ಆದೇಶ ಹೊರಟರೂ, ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ ಸದ್ಯ ಜಾರಿಗೊಳಿಸುವುದಿಲ್ಲವೆಂದು ಸರ್ಕಾರ ಅಲ್ಲಿ ಹೇಳಿತು. ಪಿಂಜಾರ, ನದಾಫ್ ಮುಂತಾದ ಸಮುದಾಯದವರು ಪ್ರವರ್ಗ 1ಕ್ಕೆ ಸೇರುತ್ತಾರೆ. ಹಲವರು ತಿಳಿಯದೆ 2ಬಿ ಎಂದು ಬರೆಸಿಕೊಳ್ಳುತ್ತಾರೆ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮುಂಚೆಯೇ ಪಡೆದಿಟ್ಟುಕೊಳ್ಳಿ.

ಇದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವ ಇನ್ನೆರಡು ಸೌಲಭ್ಯಗಳಿವೆ. ಸಿ.ಇ.ಟಿ. ಮೂಲಕ ವೃತ್ತಿ ಶಿಕ್ಷಣಕ್ಕೆ ಹೋಗುವವರಲ್ಲಿ, ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಸೀಟುಗಳು ಮೀಸಲು. ನಮ್ಮ ನಾಲ್ಕೂ ತಾಲೂಕುಗಳ ಹಳ್ಳಿಯ ಮಕ್ಕಳಿಗೆ ಇದು ದೊಡ್ಡ ನೆರವು. ಆದರೆ ಹತ್ತು ವರ್ಷಗಳ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಪಟ್ಟಣದ ಪುರಸಭೆ, ನಗರಸಭೆ ವ್ಯಾಪ್ತಿಯ ಶಾಲೆಯಲ್ಲಿ ಕಳೆದ ವರ್ಷ ಗ್ರಾಮೀಣ ಲೆಕ್ಕಕ್ಕೆ ಬರುವುದಿಲ್ಲ. ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರನ್ನು ಈಗಲೇ ಭೇಟಿಯಾಗಿ, ಎರಡು ವರ್ಷದ ನಂತರ ಕೊನೆಯ ದಿನ ಓಡಬೇಡಿ.

ಹಣದ ಚಿಂತೆ ಇರುವವರು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್ ಮತ್ತು ವಿದ್ಯಾರ್ಥಿವೇತನದ ವಿಚಾರವನ್ನು ಮೊದಲು ಕೇಳಿ ತಿಳಿಯಿರಿ. ಬಡ್ಡಿಯ ಸಾಲದ ಯೋಚನೆ ಬರುವ ಮೊದಲು ಈ ಬಾಗಿಲುಗಳನ್ನೆಲ್ಲ ತಟ್ಟಬೇಕು, ನಿಮ್ಮ ಊರಿನ ಆಲಿಮರ ಸಲಹೆಯನ್ನೂ ಪಡೆಯಬೇಕು. ಜಮಾಅತಿನ ಹಿರಿಯರಲ್ಲಿ ಒಂದು ಬಿನ್ನಹ: ಬಡ ವಿದ್ಯಾರ್ಥಿ ಝಕಾತ್‌ಗೆ ಅರ್ಹನೇ. ಒಂದು ಮದುವೆಯ ಶಾಮಿಯಾನಕ್ಕೆ ಸುರಿಯುವ ಹಣದಲ್ಲಿ ಎಷ್ಟು ಮಕ್ಕಳ ಕಾಲೇಜು ಶುಲ್ಕ ಕಟ್ಟಬಹುದೆಂದು ಒಮ್ಮೆ ಲೆಕ್ಕ ಹಾಕಿರಿ.

ಹೆಣ್ಣುಮಕ್ಕಳ ತಂದೆತಾಯಂದಿರೇ, ಶಿಫಾ ಬಿಂತ್ ಅಬ್ದುಲ್ಲಾ(ರ) ಎಂಬ ಸಹಾಬಿಯಾ ಪ್ರವಾದಿ ಪತ್ನಿ ಹಫ್ಸಾ(ರ)ರಿಗೆ ಬರಹ ಕಲಿಸಿದ್ದು ಅಬೂ ದಾವೂದ್‌ನಲ್ಲಿದೆ. ಪ್ರವಾದಿ(ಸ)ರ ಮನೆಯಲ್ಲೇ ಹೆಣ್ಣು ಹೆಣ್ಣಿಗೆ ಅಕ್ಷರ ಕಲಿಸಿದ್ದರು. ಪದವಿ ಕಾಲೇಜು ಈಗ ಮೈಸೂರಿನಲ್ಲಿ ಮಾತ್ರವಿಲ್ಲ. ಹುಣಸೂರಿನಲ್ಲಿ ದೇವರಾಜ ಅರಸು ಅವರ ಹೆಸರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ, ಉಳಿದ ಮೂರು ಪಟ್ಟಣಗಳಲ್ಲೂ ಸರ್ಕಾರಿ ಪದವಿ ಕಾಲೇಜುಗಳಿವೆ. ಮೈಸೂರಿಗೇ ಹೋಗಬೇಕೆಂದರೆ ಮಹಾರಾಣಿ ಕಾಲೇಜಿದೆ, ಫಾರ್ಮಸಿಗೆ ಫಾರೂಕಿಯಾ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚೆಂಬ ನೆಪವೂ ಹೋಯಿತು. 2022ರ ಶಿರವಸ್ತ್ರದ ವಿವಾದದಲ್ಲಿ ಎಷ್ಟೋ ಹೆಣ್ಣುಮಕ್ಕಳ ಓದು ಅರ್ಧಕ್ಕೆ ನಿಂತದ್ದನ್ನು ನಾವು ಮರೆತಿಲ್ಲ. ದಾಖಲಾತಿಗೆ ಮುನ್ನ ತಂದೆಯೇ ಪ್ರಾಂಶುಪಾಲರನ್ನು ಕಂಡು ಆ ಕಾಲೇಜಿನ ನಿಯಮವೇನೆಂದು ಸೌಜನ್ಯದಿಂದ ಕೇಳಲಿ. ಒಂದು ಕಡೆ ಅನುಕೂಲವಾಗದಿದ್ದರೆ ಮತ್ತೊಂದು ಕಾಲೇಜನ್ನು ಹುಡುಕೋಣ, ಓದನ್ನೇ ನಿಲ್ಲಿಸುವುದು ಬೇಡ.

ಅನುತ್ತೀರ್ಣರಾದವರಿಗೂ ಒಂದು ಮಾತು. ಎಸ್.ಎಸ್.ಎಲ್.ಸಿ.ಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ವ್ಯವಸ್ಥೆ ಇದೆ. ಒಂದು ವಿಷಯ ಹೋಯಿತೆಂದು ಬ್ಯಾರನ್ ಮುಂದೆ ಕೂರುವ ಅಗತ್ಯವಿಲ್ಲ. ಹಿಫ್ಝ್ ಮುಗಿಸಿ ಶಾಲೆ ತಪ್ಪಿಹೋದ ಹುಡುಗರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯನ್ನು ಬರೆಯಬಹುದು.

ಇಷ್ಟೆಲ್ಲ ವಿಚಾರಿಸಿದ ಮೇಲೆ ಮನಸ್ಸು ಎರಡು ಹಾದಿಗಳ ನಡುವೆ ನಿಂತರೆ, ಬಲ್ಲವರೊಂದಿಗೆ ಮಶ್ವರಾ ಮಾಡಿ, ಎರಡು ರಕಅತ್ ನಮಾಝ್ ಮಾಡಿ ಇಸ್ತಿಖಾರಾದ ದುಆ ಕೇಳಿ. ಕನಸು ಬೀಳಲಿ ಎಂದು ಕಾಯುತ್ತಾ ಅರ್ಜಿಯ ಕೊನೆಯ ದಿನಾಂಕವನ್ನು ದಾಟಿಸುವವರಿದ್ದಾರೆ, ಇಸ್ತಿಖಾರಾಕ್ಕೆ ಕನಸಿನ ಷರತ್ತಿಲ್ಲ.

ಕೊನೆಯದಾಗಿ, ಈಗ ಒಂಬತ್ತನೆಯ ತರಗತಿಯಲ್ಲಿರುವ ತಮ್ಮಂದಿರೇ, ತಂಗಿಯರೇ. ಶಾಲೆಯ ದಾಖಲೆಯಲ್ಲಿ ಮಹಮ್ಮದ್, ಆಧಾರ್‌ನಲ್ಲಿ ಮೊಹಮ್ಮದ್, ಪಡಿತರ ಚೀಟಿಯಲ್ಲಿ ಬರೀ ಎಂ.ಡಿ. ಎಂದಿದ್ದರೆ ವಿದ್ಯಾರ್ಥಿವೇತನದ ಅರ್ಜಿ ಅಲ್ಲೇ ನಿಲ್ಲುತ್ತದೆ. ಹತ್ತನೆಯ ತರಗತಿಯ ಪರೀಕ್ಷಾ ಪಟ್ಟಿಗೆ ನಿಮ್ಮ ಹೆಸರು ಹೋಗುವ ಮೊದಲೇ ಮುಖ್ಯೋಪಾಧ್ಯಾಯರ ಬಳಿ ಕುಳಿತು ಅಕ್ಷರ ಅಕ್ಷರ ಹೊಂದಿಸಿ ನೋಡಿ. ತಂದೆಯ ಹೆಸರನ್ನೂ, ಹುಟ್ಟಿದ ದಿನಾಂಕವನ್ನೂ.