ಮಗುವಿನ ಬೆಳವಣಿಗೆಯ ತಪಾಸಣೆಗೆ ಹೊರಡುವ ಮುನ್ನ

ಮಗುವಿಗೆ ಎರಡು ವರ್ಷ ತುಂಬುತ್ತ ಬಂದರೂ ಮಾತು ಬಂದಿಲ್ಲ. ಒಂದೂವರೆ ವರ್ಷ ಕಳೆದರೂ ಹೆಜ್ಜೆ ಇಡುತ್ತಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಇಂಥ ಸಂದೇಹ ಹೊತ್ತು ಬರುವ ತಂದೆ ತಾಯಿಯರಿಗೆ ವೈದ್ಯರು 'ಒಮ್ಮೆ ತಜ್ಞರಲ್ಲಿ ಬೆಳವಣಿಗೆಯ ತಪಾಸಣೆ ಮಾಡಿಸಿ' ಎಂದು ಚೀಟಿ ಬರೆದುಕೊಟ್ಟರೆ ಹೆಚ್ಚಿನವರು ಗಾಬರಿಯಾಗುತ್ತಾರೆ. ಮನೆಗೆ ಹೋದ ಮೇಲೆ 'ಇವರಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು, ಸುಮ್ಮನಿರಿ' ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ತಪಾಸಣೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಮೊದಲ ಮೂರು ವರ್ಷಗಳಲ್ಲಿ ಮಗುವಿನ ಮೆದುಳು ಬಹಳ ವೇಗವಾಗಿ ಬೆಳೆಯುತ್ತದೆ. ಈ ಅವಧಿಯಲ್ಲಿ ಕೊಡುವ ತರಬೇತಿಯಿಂದ ಸಿಗುವ ಲಾಭ ತಡವಾಗಿ ಕೊಟ್ಟರೆ ಅಷ್ಟಾಗಿ ಸಿಗುವುದಿಲ್ಲ. ಆದ್ದರಿಂದ ಚೀಟಿ ಕೈಗೆ ಬಂದ ಕೂಡಲೇ ದಿನಾಂಕ ಗೊತ್ತುಪಡಿಸಿಕೊಳ್ಳುವುದು ಜಾಣತನ. ತಪಾಸಣೆಯ ಪೂರ್ಣ ಪ್ರಯೋಜನ ಸಿಗಬೇಕಾದರೆ ಮನೆಯಲ್ಲಿ ಒಂದಿಷ್ಟು ಸಿದ್ಧತೆಯೂ ಬೇಕು. ಆ ಸಿದ್ಧತೆ ಮಗುವಿನದಲ್ಲ, ನಿಮ್ಮದು.

ಏನನ್ನು ನೋಡುತ್ತಾರೆ?

ಬೆಳವಣಿಗೆಯ ತಪಾಸಣೆಯಲ್ಲಿ ಮಗು ಕೂರುವುದು, ನಡೆಯುವುದು, ಬೆರಳುಗಳಿಂದ ಚಿಕ್ಕ ವಸ್ತುಗಳನ್ನು ಎತ್ತುವುದು, ಕೇಳಿಸಿಕೊಳ್ಳುವುದು, ಮಾತು, ಇತರರೊಡನೆ ಬೆರೆಯುವ ರೀತಿ, ತಾನೇ ತಿನ್ನುವುದು ಮುಂತಾದ ಕೆಲಸಗಳನ್ನು ವಯಸ್ಸಿಗೆ ಹೋಲಿಸಿ ನೋಡಲಾಗುತ್ತದೆ. ಮರದ ತುಂಡುಗಳನ್ನು ಒಂದರ ಮೇಲೊಂದು ಇಡಲು, ಚಿತ್ರ ತೋರಿಸಲು, ಪೆನ್ಸಿಲ್‌ನಿಂದ ಗೆರೆ ಎಳೆಯಲು ಹೇಳುತ್ತಾರೆ. ನೋಡುವವರಿಗೆ ಇದು ಆಟದಂತೆ ಕಾಣುತ್ತದೆ. ಇದರಲ್ಲಿ ಪಾಸು, ಫೇಲು ಎಂಬುದಿಲ್ಲ. ಹಾಗಾಗಿ ನಾಲ್ಕು ದಿನ ಮುಂಚಿನಿಂದ ಮಗುವಿಗೆ ಬಣ್ಣದ ಹೆಸರು, ಅಂಕಿಗಳನ್ನು ಬಾಯಿಪಾಠ ಮಾಡಿಸಬೇಡಿ. ಅದರಿಂದ ಮಗುವಿನ ನಿಜವಾದ ಸ್ಥಿತಿ ಮರೆಯಾಗುತ್ತದೆ.

ಒಂದು ವಾರದ ನೋಟ್‌ಬುಕ್

ಹೊಸ ಜಾಗ, ಹೊಸ ಮುಖ ಕಂಡು ಮಗು ಅಳಬಹುದು, ಬಾಯಿ ಬಿಡದೇ ಇರಬಹುದು. ತಜ್ಞರು ಮಗುವನ್ನು ನೋಡುವುದು ಹೆಚ್ಚೆಂದರೆ ಒಂದೆರಡು ಗಂಟೆ. ನೀವು ಹಗಲು ರಾತ್ರಿ ನೋಡುತ್ತೀರಿ. ಅದಕ್ಕೇ ಅರ್ಧದಷ್ಟು ತಪಾಸಣೆ ನಿಮ್ಮ ಉತ್ತರಗಳ ಮೇಲೆ ನಿಂತಿರುತ್ತದೆ. ಹೋಗುವ ಮುಂಚೆ ಒಂದು ವಾರ ಗಮನವಿಟ್ಟು ನೋಡಿ, ಬರೆದಿಡಿ.

'ಚೆನ್ನಾಗಿ ಮಾತಾಡುತ್ತಾನೆ', 'ಏನೂ ಮಾತಾಡುವುದಿಲ್ಲ' ಎಂಬ ಉತ್ತರಗಳಿಂದ ಹೆಚ್ಚು ಉಪಯೋಗವಿಲ್ಲ. ಮಗು ಆಡುವ ಪದಗಳನ್ನೇ ಬರೆಯಿರಿ: ಅಮ್ಮ, ತಾತ, ಬಾ, ಬೇಡ. 'ಅಮ್ಮ ಬಾ' ಎಂದು ಎರಡು ಪದ ಜೋಡಿಸುತ್ತದೆಯೇ? ನೀರು ಬೇಕಾದಾಗ ಬೆರಳು ತೋರಿಸುತ್ತದೆಯೇ, ನಿಮ್ಮ ಕೈ ಹಿಡಿದು ಎಳೆದೊಯ್ಯುತ್ತದೆಯೇ, ಬರೀ ಅಳುತ್ತದೆಯೇ? ಸನ್ನೆ ಮಾಡದೆ, ಬಾಯಲ್ಲಷ್ಟೇ 'ಚೆಂಡು ತಾ' ಎಂದರೆ ತರುತ್ತದೆಯೇ? ಬೇರೆ ಮಕ್ಕಳ ಜೊತೆ ಆಡುತ್ತದೆಯೇ? ದಿನಕ್ಕೆ ಎಷ್ಟು ಹೊತ್ತು ಮೊಬೈಲ್, ಟಿ.ವಿ. ನೋಡುತ್ತದೆ? ಮನೆಯಲ್ಲಿ ಆಡುವ ಭಾಷೆಗಳು ಯಾವುವು? ಕನ್ನಡದ ಜೊತೆ ತುಳುವೋ ಉರ್ದುವೋ ಆಡುವ ಮನೆಯಾಗಿದ್ದರೆ ಎಲ್ಲ ಭಾಷೆಯ ಪದಗಳನ್ನೂ ಲೆಕ್ಕಕ್ಕೆ ಸೇರಿಸಿ.

ತಜ್ಞರ ಎದುರು ಕಾಣದೆ ಹೋಗಬಹುದಾದ ಸಂಗತಿಗಳಿದ್ದರೆ ಒಂದೆರಡು ನಿಮಿಷ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ. ಕೈ ಬಡಿಯುತ್ತ ಒಂದೇ ಸಮನೆ ಸುತ್ತುವುದು, ತುದಿಗಾಲಲ್ಲಿ ನಡೆಯುವುದು, ಕ್ಷಣಕಾಲ ಕಣ್ಣು ನಿಲ್ಲಿಸಿ ಮಂಕಾಗುವುದು ಇವುಗಳಲ್ಲಿ ಸೇರಿವೆ. ಮಗು ಚೆನ್ನಾಗಿ ಮಾಡುವ ಕೆಲಸಗಳ ವಿಡಿಯೊ ಕೂಡ ಇರಲಿ.

ಕಾಗದಪತ್ರಗಳು

ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಚೀಟಿ, ಲಸಿಕೆಯ ಕಾರ್ಡ್, ಹಿಂದಿನ ರಕ್ತ ಪರೀಕ್ಷೆ ಮತ್ತು ಸ್ಕ್ಯಾನ್ ವರದಿಗಳು, ಈಗ ಕೊಡುತ್ತಿರುವ ಔಷಧಿಗಳು ಇವೆಲ್ಲವನ್ನೂ ಒಂದು ಚೀಲದಲ್ಲಿ ಹಾಕಿಡಿ. ಅಂಗನವಾಡಿಗೋ ಶಿಶುವಿಹಾರಕ್ಕೋ ಹೋಗುವ ಮಗುವಾದರೆ ಅಲ್ಲಿನ ಶಿಕ್ಷಕಿಯ ಅಭಿಪ್ರಾಯವನ್ನು ಬರೆಸಿಕೊಳ್ಳಿ.

ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೆ ಎಷ್ಟು ವಾರಕ್ಕೆ ಹುಟ್ಟಿತು ಎಂಬುದನ್ನು ಮರೆಯದೆ ತಿಳಿಸಿ. ಎರಡು ತಿಂಗಳು ಮೊದಲೇ ಹುಟ್ಟಿದ ಮಗುವಿಗೆ ಈಗ ಹನ್ನೆರಡು ತಿಂಗಳಾಗಿದ್ದರೆ ಅದನ್ನು ಹತ್ತು ತಿಂಗಳ ಮಗುವಿನೊಡನೆ ಹೋಲಿಸಬೇಕು. ಸಾಮಾನ್ಯವಾಗಿ ಎರಡು ವರ್ಷದವರೆಗೆ ಹೀಗೆ ಲೆಕ್ಕ ಹಾಕುತ್ತಾರೆ.

ಮುಚ್ಚಿಡಬೇಡಿ

ಹುಟ್ಟಿದ ಕೂಡಲೇ ಮಗು ಅತ್ತಿತೇ? ಕಾಮಾಲೆ ಹೆಚ್ಚಾಗಿ ದೀಪದ ಕೆಳಗೆ ಇಟ್ಟಿದ್ದರೇ? ಫಿಟ್ಸ್ ಬಂದಿತ್ತೇ? ತಂದೆ ತಾಯಿ ಸೋದರ ಸಂಬಂಧದವರೇ? ಎರಡೂ ಕಡೆಯ ಬಂಧುಗಳಲ್ಲಿ ಕಿವುಡುತನ, ಬುದ್ಧಿಮಾಂದ್ಯ, ಮೂರ್ಛೆರೋಗ ಇದ್ದವರಿದ್ದಾರೆಯೇ? ಈ ಪ್ರಶ್ನೆಗಳನ್ನು ಕೇಳಿಯೇ ಕೇಳುತ್ತಾರೆ. ಮನೆತನದ ಮರ್ಯಾದೆಗೆ ಅಂಜಿ ಕೆಲವರು ಇವನ್ನು ಮುಚ್ಚಿಡುತ್ತಾರೆ. ನಷ್ಟವಾಗುವುದು ಮಗುವಿಗೆ. ಉದಾಹರಣೆಗೆ, ಹುಟ್ಟಿದಾಗ ಕಾಮಾಲೆ ವಿಪರೀತವಾಗಿದ್ದರೆ ಕಿವಿಯ ನರಕ್ಕೆ ಪೆಟ್ಟಾಗಿರಬಹುದು. ಆ ಒಂದು ಮಾತು ತಜ್ಞರನ್ನು ನೇರವಾಗಿ ಕಿವಿಯ ಪರೀಕ್ಷೆಯತ್ತ ಒಯ್ಯುತ್ತದೆ.

ಈ ಪ್ರಶ್ನೆಗಳು ತಪ್ಪು ಹೊರಿಸಲು ಕೇಳುವಂಥವಲ್ಲ. 'ಬಸುರಿಯಲ್ಲಿ ಅದು ತಿಂದಳು, ಗ್ರಹಣದಲ್ಲಿ ಹೊರಗೆ ಬಂದಳು' ಎಂದು ತಾಯಿಯನ್ನು ದೂರುವುದರಿಂದ ಯಾವ ಮಗುವೂ ಮಾತು ಕಲಿತಿಲ್ಲ. ಆ ದಿನ ತಂದೆಯೂ ಜೊತೆಗೆ ಹೋಗಬೇಕು. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವರು ಅಜ್ಜಿಯಾಗಿದ್ದರೆ ಅವರನ್ನೂ ಕರೆದೊಯ್ಯಿರಿ.

ಹೋಗುವ ದಿನ

ಸಾಧ್ಯವಾದರೆ ಮಗು ನಿದ್ದೆ ಮಾಡುವ ಹೊತ್ತನ್ನು ಬಿಟ್ಟು ಬೇರೆ ಸಮಯ ಕೇಳಿ. ಹೊಟ್ಟೆ ತುಂಬಿರಲಿ. ಜ್ವರ, ಭೇದಿ ಇದ್ದರೆ ದಿನಾಂಕ ಬದಲಿಸಿಕೊಳ್ಳಿ. ಇಷ್ಟದ ಒಂದು ಆಟಿಕೆ, ನೀರು, ತಿಂಡಿ, ಒಂದು ಜೊತೆ ಬಟ್ಟೆ ಜೊತೆಗಿರಲಿ. ಫಿಟ್ಸ್‌ನ ಮಾತ್ರೆಯನ್ನು ಯಾವ ಕಾರಣಕ್ಕೂ ತಪ್ಪಿಸಬಾರದು. ಶ್ರವಣ ಪರೀಕ್ಷೆಯೂ ಇದ್ದರೆ ಮೊದಲೇ ವಿಚಾರಿಸಿ. ಕೆಲವು ಪರೀಕ್ಷೆಗಳಿಗೆ ಮಗು ನಿದ್ದೆಯಲ್ಲಿರಬೇಕಾಗುತ್ತದೆ. 'ಡಾಕ್ಟರು ಸೂಜಿ ಚುಚ್ಚುತ್ತಾರೆ' ಎಂದು ಹೆದರಿಸಬೇಡಿ.

ತಪಾಸಣೆ ನಡೆಯುವಾಗ ಉತ್ತರ ಹೇಳಿಕೊಡಬೇಡಿ, ಕಣ್ಸನ್ನೆ ಮಾಡಬೇಡಿ. ಮನೆಯಲ್ಲಿ ಮಾಡುವ ಕೆಲಸವನ್ನು ಅಲ್ಲಿ ಮಾಡದಿದ್ದರೆ ಗದರದೆ, ಕೊನೆಯಲ್ಲಿ ತಜ್ಞರಿಗೆ ತಿಳಿಸಿ.

ಕೇಳಿ ಬರಬೇಕಾದ್ದು

ಮೊದಲ ದಿನವೇ ರೋಗದ ಹೆಸರು ಸಿಗುತ್ತದೆ ಎಂದುಕೊಳ್ಳಬೇಡಿ. ಎರಡು ಮೂರು ಭೇಟಿಗಳು ಬೇಕಾಗಬಹುದು. ಹೊರಬರುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ಯಾವ ವಿಷಯದಲ್ಲಿ ಮಗು ಹಿಂದಿದೆ, ಎಷ್ಟು ಹಿಂದಿದೆ? ಕಿವಿ, ಕಣ್ಣು, ಥೈರಾಯ್ಡ್ ಪರೀಕ್ಷೆ ಬೇಕೇ? ನಾಳೆಯಿಂದ ಮನೆಯಲ್ಲಿ ಏನು ಮಾಡಬೇಕು? ಮತ್ತೆ ಯಾವಾಗ ಬರಬೇಕು? ವರದಿಯನ್ನು ಬರಹದಲ್ಲಿ ಪಡೆಯಿರಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ಸರ್ಕಾರಿ ವ್ಯವಸ್ಥೆ ಇದೆ. ಹೆಚ್ಚಿನ ತಪಾಸಣೆ ಬೇಕಾದ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ ಕಳಿಸುತ್ತಾರೆ. ಅಂಗನವಾಡಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಮಾತು ಮತ್ತು ಶ್ರವಣಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ನಡವಳಿಕೆ ಮತ್ತು ಬುದ್ಧಿ ಬೆಳವಣಿಗೆಗೆ ಬೆಂಗಳೂರಿನ ನಿಮ್ಹಾನ್ಸ್ ಇವೆ.

ಕಾಯುವ ದಿನಗಳಲ್ಲಿ

ದಿನಾಂಕ ಸಿಗಲು ವಾರಗಳೇ ಹಿಡಿಯಬಹುದು. ಅಲ್ಲಿಯವರೆಗೆ ಕಿವಿಯ ಪರೀಕ್ಷೆಯನ್ನಾದರೂ ಮಾಡಿಸಿಬಿಡಿ. ಬಾಗಿಲು ಬಡಿದರೆ ತಿರುಗುತ್ತದೆ ಎಂದ ಮಾತ್ರಕ್ಕೆ ಕಿವಿ ಸರಿಯಿದೆ ಎನ್ನಲಾಗದು. ಜೋರು ಸದ್ದು ಕೇಳುವ ಮಗುವಿಗೆ ಮೆಲುಮಾತು ಕೇಳದೇ ಇರಬಹುದು. ಮೊಬೈಲ್ ಬದಿಗಿಟ್ಟು, ಸ್ನಾನ ಮಾಡಿಸುವಾಗ, ಊಟ ಮಾಡಿಸುವಾಗ ಮಗುವಿನ ಮುಖ ನೋಡಿ ಮಾತಾಡಿ. ಬಂದಿದ್ದ ಮಾತು, ನಡಿಗೆ ಅಥವಾ ನಗು ಯಾವುದೇ ವಯಸ್ಸಿನಲ್ಲಿ ನಿಂತುಹೋದರೆ ಮಾತ್ರ ಆ ದಿನಾಂಕಕ್ಕಾಗಿ ಕಾಯಬೇಡಿ. ಕೂಡಲೇ ಮಕ್ಕಳ ವೈದ್ಯರಿಗೆ ತೋರಿಸಿ.