ಬಿಸಿ ಎಂಜಿನ್ನಿಗೆ ಬಂಕಿನ ಪೆಟ್ರೋಲ್ ಬೇಡ

ಭಾರತೀನಗರದ ಸುತ್ತ ಬೆಳೆಯುವ ಕಬ್ಬು ಈಗ ಬರೀ ಸಕ್ಕರೆಯ ಬೆಳೆಯಲ್ಲ. ಕಬ್ಬಿನಿಂದ ಬರುವ ಎಥೆನಾಲ್ ಬಂಕಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಬೆರೆತಿದೆ. ರೈತರಿಗೆ ಇದು ಒಳ್ಳೆಯದೇ. ಆದರೆ ಜಕ್ಕೂರಿನಂಥ ಕಡೆ ಹಾರಾಟ ಕಲಿಯಲು ಹೊರಡುವ ನಮ್ಮ ಹುಡುಗ ಹುಡುಗಿಯರು ಅದನ್ನು ಸಣ್ಣ ವಿಮಾನಕ್ಕೆ ತುಂಬುವ ಯೋಚನೆ ಮಾಡಬಾರದು. ಬಿಸಿಗೆ ಪೈಪಿನೊಳಗೆ ಇಂಧನ ಕುದಿದರೆ ಪಂಪಿಗೆ ಸಿಗುವುದು ಆವಿ ಮಾತ್ರ. ಎಂಜಿನ್ ಮುಕ್ಕರಿಸಿ ನಿಲ್ಲುತ್ತದೆ. ವಿಮಾನದ ಪೆಟ್ರೋಲಿಗೆ 38 ಡಿಗ್ರಿಯಲ್ಲಿ ಆವಿಯೊತ್ತಡ 49 ಕಿಲೋಪಾಸ್ಕಲ್ ಮೀರಬಾರದೆಂಬ ಕಟ್ಟಳೆ ಇರುವುದು ಇದಕ್ಕೇ. ಬಂಕಿನ ಪೆಟ್ರೋಲಿನದು ಅದಕ್ಕಿಂತ ಹೆಚ್ಚಿರಬಹುದು.

ಎಥೆನಾಲ್ ಕುದಿಯುವುದೇ 78 ಡಿಗ್ರಿಯಲ್ಲಿ, ಭಯವೇಕೆ ಎಂದು ಕೇಳಬಹುದು. ಒಂಟಿಯಾಗಿದ್ದಾಗ ಆ ಮಾತು ಸರಿ. ಪೆಟ್ರೋಲಿನ ಹಗುರ ಅಂಶಗಳ ಜೊತೆ ಬೆರೆತಾಗ ಮಿಶ್ರಣ ಇನ್ನೂ ಬೇಗ ಆವಿಯಾಗುತ್ತದೆ. ಮೇಲೆ ತಂಪಿದೆ ಎಂಬ ಸಮಾಧಾನವೂ ಅರ್ಧಸತ್ಯ, ಮೇಲೇರಿದಂತೆ ಗಾಳಿಯ ಒತ್ತಡವೂ ಇಳಿಯುತ್ತದೆ. ಸಣ್ಣ ವಿಮಾನಗಳ ರೋಟ್ಯಾಕ್ಸ್ 912 ಎಂಜಿನ್ನಿನಲ್ಲಿ ಶೇ 10ರ ಎಥೆನಾಲ್ ಮಿಶ್ರಣಕ್ಕೆ ಒಪ್ಪಿಗೆ ಇರುವುದು ನಿಜ, ಆದರೆ 10 ಅಂದರೆ 20 ಅಲ್ಲ. ವಿಮಾನದ ಟ್ಯಾಂಕು, ಪೈಪುಗಳಿಗೂ ಬೇರೆ ಒಪ್ಪಿಗೆ ಬೇಕು. ಬೇಸಿಗೆಯ ಮಧ್ಯಾಹ್ನ ಇಳಿದು ನಿಲ್ಲಿಸಿದ ಎಂಜಿನ್ ಗಾಳಿ ಹಾಯದೆ ಮೊದಲಿಗಿಂತ ಬಿಸಿಯಾಗುತ್ತದೆ. ಆಗ ವಿಮಾನದ ಮೂತಿಯನ್ನು ಗಾಳಿಗೆ ತಿರುಗಿಸಿ, ಎಂಜಿನ್ನಿನ ಮುಚ್ಚಳ ತೆರೆದು ಆರಲು ಬಿಡಿ. ಮತ್ತೆ ಹೊರಡುವಾಗ ಕೈಪಿಡಿ ಹೇಳಿದಂತೆ ವಿದ್ಯುತ್ ಪಂಪು ಹಾಕಿ, ಇಂಧನದ ಒತ್ತಡದ ಮುಳ್ಳು ಅಲುಗದೆ ನಿಂತ ಮೇಲೆಯೇ ರನ್‌ವೇಗೆ ಸಾಗಿ.