ವಿಜ್ಞಾನ ಹೇಳುವ ಉದ್ಯೋಗ

ವಿಜ್ಞಾನ ಓದಿದವರಿಗೆ ಅಧ್ಯಾಪಕ ವೃತ್ತಿ, ಇಲ್ಲವೆ ಪ್ರಯೋಗಾಲಯ, ಇವೆರಡೇ ಹಾದಿಗಳೆಂದು ನಾನು ನಂಬಿದ್ದೆನು. ಎರಡೂ ದೊರೆಯದಿದ್ದರೆ ಏನು ಗತಿಯೆಂಬ ಚಿಂತೆಯೂ ಇತ್ತು. ದಿವಂಗತ ಜಿ. ಟಿ. ನಾರಾಯಣರಾಯರ ವೃತ್ತಾಂತ ತಿಳಿದ ಮೇಲೆ ಆ ನಂಬಿಕೆ ಸಡಿಲಿತು. ಗಣಿತದ ಎಂ. ಎ. ಪದವೀಧರರಾಗಿ ಅನೇಕ ವರ್ಷ ಕಾಲೇಜುಗಳಲ್ಲಿ ಪಾಠ ಹೇಳಿದ ಅವರು 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶಕ್ಕೆ ವಿಜ್ಞಾನ ಸಂಪಾದಕರಾಗಿ ಹೋದರು. ಅಲ್ಲಿಂದ ಮುಂದೆ ಕನ್ನಡದಲ್ಲಿ ವಿಜ್ಞಾನ ಹೇಳುವುದೇ ಅವರ ಉದ್ಯೋಗವಾಯಿತು.

ನಾನೂ ಒಮ್ಮೆ ಯತ್ನಿಸಿದೆನು. ಧಾರವಾಡದ ನಮ್ಮ ಮನೆಯಲ್ಲಿ ಜೋಳದ ರೊಟ್ಟಿ ಬೇಯಿಸುತ್ತಿದ್ದ ಅವ್ವನಿಗೆ, ಹಿಟ್ಟಿನೊಳಗಿನ ನೀರು ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗುವುದೆಂದೂ ಅದರಿಂದಲೇ ರೊಟ್ಟಿ ಉಬ್ಬುವುದೆಂದೂ, ಗುಪ್ತೋಷ್ಣವನ್ನೂ ಸೇರಿಸಿ, ವಿವರಿಸಿದೆನು.

“ಹಂಗಾರ ತೂತು ಬಿದ್ದ ರೊಟ್ಟಿ ಯಾಕ ಉಬ್ಬೂದಿಲ್ಲೋ ತಮ್ಮಾ?” ಎಂದಳು.

“ಉಗಿ ಹೊರಗ ಹೋಗ್ತದ” ಎಂದೆನು.

“ಇಷ್ಟ ಮೊದಲ ಹೇಳಬಾರದೇನು?”

ಗುಪ್ತೋಷ್ಣದ ಮಾತನ್ನು ಅವಳು ಎತ್ತಲೇ ಇಲ್ಲ.